ನಲವತ್ತು ಎಳೆಯ ಹೂವು

ನಮ್ಮೂರಿನ ಮದುವೆಯ ಕರೆಯೋಲೆಯಲ್ಲಿ ತಾರೀಖು ಇರುವುದಿಲ್ಲ. ಗಂಡಿನ ಹೆಸರು, ಹೆಣ್ಣಿನ ಹೆಸರು, ಊಟದ ಚಪ್ಪರದ ಜಾಗ ಎಲ್ಲವೂ ಅಚ್ಚಾಗಿರುತ್ತದೆ; ದಿನ ಬರೆಯಬೇಕಾದಲ್ಲಿ ‘ಹೂವು ಬಿಟ್ಟ ಬೆಳಿಗ್ಗೆ’ ಎಂದಷ್ಟೇ ಇರುತ್ತದೆ. ಪರವೂರಿನ ನೆಂಟರು ಅದನ್ನು ಓದಿ ಮೊದಲು ನಗುತ್ತಾರೆ, ಆಮೇಲೆ ರೇಗುತ್ತಾರೆ, ಕೊನೆಗೆ ಬಸ್ಸು ಹಿಡಿದು ಬಂದು ತಲುಪುವಷ್ಟರಲ್ಲಿ ಇಲ್ಲಿ ಎಂಜಲೆಲೆ ಎತ್ತಿಯಾಗಿರುತ್ತದೆ. ಅಡುಗೆಯವರು ಬೂಂದಿ ಕರಿದು ಡಬ್ಬಿಗೆ ತುಂಬಿ, ಪಾಕವೊಂದನ್ನು ಬಾಕಿ ಇಟ್ಟುಕೊಂಡು ಕೂತಿರುತ್ತಾರೆ. ವಾಲಗದವರು ಮೊಗ್ಗು ಕಂಡ ದಿನದಿಂದ ಊರಾಚೆ ಕಾಲಿಡುವುದಿಲ್ಲ. ಮದುಮಗಳು ಧಾರೆ ಸೀರೆಯನ್ನು ಪೆಟ್ಟಿಗೆಯಲ್ಲಿ ಇಡುವುದೇ ಇಲ್ಲ, ಬಾಗಿಲ ಹಿಂದಿನ ಗೂಟಕ್ಕೆ ನೇತು ಹಾಕಿರುತ್ತಾಳೆ. ನನ್ನ ಸೀರೆ ಹಾಗೆ ನೇತಾಡಿದ್ದು ನಾಲ್ಕು ವರ್ಷ. ಮಡಿಕೆಗಳಲ್ಲಿ ಸುಣ್ಣದ ಧೂಳು ಕೂತು ಕೆಂಪು ಸೀರೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಪುಸ್ತಕದಲ್ಲಿ ಆ ಹೂವನ್ನು ಐರಿಸ್ ಎಂದು ಕರೆದಿದ್ದಾರೆ. ನಮಗೆ ಅದು ಗಡ್ಡದ ಹೂ. ಮೂರು ದಳ ಮೇಲಕ್ಕೆ ಎದ್ದು ನಿಂತಿರುತ್ತವೆ, ಮೂರು ಕೆಳಕ್ಕೆ ಇಳಿಬಿದ್ದಿರುತ್ತವೆ. ಇಳಿಬಿದ್ದ ಒಂದೊಂದು ದಳದ ನಡುವೆಯೂ ಕಂಬಳಿಹುಳ ಮಲಗಿದ ಹಾಗೆ ಒಂದು ಗಡ್ಡ. ಮಗು ಹುಟ್ಟಿದ ಹನ್ನೊಂದನೆಯ ದಿನ ಮನೆಯ ಪಾತಿಯಿಂದ ಒಂದು ಗೆಡ್ಡೆ ಮುರಿದು ಮಗುವಿನ ಹೆಸರಿನಲ್ಲಿ ನೆಡುತ್ತಾರೆ. ಆ ಮಗು ಬೆಳೆದು ಯಾರನ್ನಾದರೂ ಮೆಚ್ಚಿತೆನ್ನಿ, ಹೆಣ್ಣು ತನ್ನ ಹೂವಿನ ಪರಾಗವನ್ನು ತಾನೇ ಒಯ್ದು ಗಂಡಿನ ಹೂವಿಗೆ ಕುಂಚದಿಂದ ಹಚ್ಚಬೇಕು. ಕಾಯಿ ಕಟ್ಟಬೇಕು. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಬರುವ ಹಾಗೆ ಬೀಜ ಹೆಣ್ಣಿನ ಮನೆಗೆ ಬರಬೇಕು, ಅಲ್ಲೇ ಮೊಳೆಯಬೇಕು, ಸಸಿ ಹೂ ಬಿಡಬೇಕು. ಆ ಮೊದಲ ಹೂವು ಅರಳಿದ ಬೆಳಿಗ್ಗೆ, ಅದರ ಮೇಲೆ ಬಿಸಿಲು ಬೀಳುವ ಮುಂಚೆ, ಎರಡೂ ಮನೆಯ ಒಬ್ಬೊಬ್ಬ ಹಿರಿಯರು ನೋಡುತ್ತಿರುವಂತೆ ಮದುವೆ ಆಗಬೇಕು. ಕಾಯಿ ಉದುರಿದರೆ ಸಂಬಂಧವೂ ಉದುರಿತು. ಒಂದು ಜೋಡಿಗೆ ಒಂದೇ ಸಲ. ಎರಡನೆಯ ಬಾರಿ ಕುಂಚ ಎತ್ತುವಂತಿಲ್ಲ. ಊರಿನ ಹಳೆಯ ಕಡತದಲ್ಲಿ ಬರೆದಿರುವುದು ಇಷ್ಟೇ. ಈ ಕಟ್ಟಳೆಯನ್ನು ಯಾರು ಮಾಡಿದರು ಎಂದು ನನ್ನನ್ನು ಕೇಳಬೇಡಿ. ನಾವು ಅದರೊಳಗೆ ಹುಟ್ಟಿದವರು.

ಊರಿಗೆ ಎರಡು ಬೀದಿ. ಮೇಲಿನದು ಎತ್ತರದ ಬೀದಿ. ಅಲ್ಲಿನ ಹೂವು ಸೊಂಟದೆತ್ತರದ ದಂಟಿನ ಮೇಲೆ ನಿಲ್ಲುತ್ತದೆ; ಹಾಲಿಗೆ ಒಂದು ತೊಟ್ಟು ನೇರಳೆ ಬೆರೆಸಿದ ಬಣ್ಣ, ಹಳದಿ ಗಡ್ಡ, ದಳದ ಮೇಲೆ ಹುಡುಕಿದರೂ ಒಂದು ಚುಕ್ಕೆಯಿಲ್ಲ. ಕೆಳಗಿನದು ಸುಣ್ಣದ ಕೇರಿ, ನಮ್ಮದು. ಗುಡ್ಡದ ಸುಣ್ಣಕಲ್ಲು ಒಡೆದು, ಗೂಡಿನಲ್ಲಿ ಸುಟ್ಟು, ಊರಿಗೆಲ್ಲ ಸುಣ್ಣ ಕೊಡುವವರು ನಾವು. ನಮ್ಮ ಹೂವು ಗೇಣುದ್ದವೂ ಇಲ್ಲ. ಕಡುನೇರಳೆ, ನೀಲಿ ಗಡ್ಡ, ಇಳಿಬಿದ್ದ ಮೂರೂ ದಳಗಳ ಮೇಲೆ ಹೆಬ್ಬೆಟ್ಟು ಒತ್ತಿದ ಹಾಗೆ ಕಪ್ಪು ಮಚ್ಚೆ. ಎತ್ತರದ ಬೀದಿಯವರು ಅದನ್ನು ಮಸಿ ಎನ್ನುತ್ತಾರೆ. ಅವರ ಗೋಡೆ ಬೆಳ್ಳಗಿರುವುದು ನಮ್ಮ ಸುಣ್ಣದಿಂದ. ಬಿಳುಪು ಮಾತ್ರ ಅವರದು, ಮಸಿ ನಮ್ಮದು!

ನಮ್ಮ ಹೂವು ಅರಳುವುದು ಶಿವರಾತ್ರಿ ಕಳೆದ ವಾರ, ಚಳಿ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಅವರದು ಅರಳುವುದು ಅದಾದ ಏಳು ವಾರಕ್ಕೆ. ಊರಿನ ಕ್ಯಾಲೆಂಡರಿನಲ್ಲಿ ಕೇರಿಯ ವಾರಕ್ಕೆ ಒಂದು ಕೆಂಪು ಗೆರೆ, ಬೀದಿಯ ವಾರಕ್ಕೆ ಒಂದು ಕೆಂಪು ಗೆರೆ. ನಡುವಿನ ದಿನಗಳಿಗೆ ಹೆಸರಿಲ್ಲ. ಹೂವು ಬಾಳುವುದು ಮೂರು ದಿನ, ಉದುರಿದ ಪರಾಗ ಬಾಳುವುದು ಇನ್ನೂ ನಾಲ್ಕು ದಿನ. ಹಾಗಾಗಿ ಕೇರಿಯ ಹೆಣ್ಣು ಬೀದಿಯ ಗಂಡಿನ ಹೂವಿಗೆ ಕುಂಚ ಹಚ್ಚಿದ್ದೇ ಇಲ್ಲ. ಯಾರೂ ಬೇಡ ಎನ್ನಬೇಕಾಗಿಯೇ ಇರಲಿಲ್ಲ. ಬೇಡ ಎನ್ನುವವನೊಬ್ಬ ಇದ್ದರೆ ಅವನ ಎದುರು ನಿಂತು ಕೂಗಬಹುದು. ಕಾಣದ ಬೀಗದ ಮುಂದೆ ನಿಂತು ಯಾರನ್ನು ಬೈಯುವುದು? ಎತ್ತರದ ಬೀದಿಯವರು ಇದನ್ನು ರಕ್ತದ ಭೇದ ಎಂದರು. ನಮ್ಮವರೂ ತಲೆಮಾರುಗಟ್ಟಲೆ ತಲೆಯಾಡಿಸಿದರು. ‘ರಕ್ತ ಅಲ್ಲ ಕಣ್ರಲೇ, ಕ್ಯಾಲೆಂಡ್ರು’ ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ ದುರುಗವ್ವ.

ಅಪ್ಪ ಅವ್ವ ಇಲ್ಲದ ನನ್ನನ್ನು ಸಾಕಿದವಳು ಅವಳು. ನಲವತ್ತು ವರ್ಷ ಗೂಡಿನ ಮುಂದೆ ದುಡಿದವಳು. ಬೆರಳ ತುದಿಯ ಗೆರೆಗಳನ್ನೆಲ್ಲ ಸುಣ್ಣ ತಿಂದು ಹಾಕಿತ್ತು. ಸುಟ್ಟ ಕಲ್ಲನ್ನು ಆ ನುಣ್ಣನೆಯ ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದಳು. ಓದು ಬರುತ್ತಿರಲಿಲ್ಲ. ಆರಿದ ಹಳೆಯ ಗೂಡಿನೊಳಗೆ ನಮ್ಮ ಕೇರಿಯವರು ನಡೆಸುತ್ತಿದ್ದ ಓದುಕೂಟಕ್ಕೆ ಮಾತ್ರ ಒಂದು ದಿನ ತಪ್ಪಿಸಿದವಳಲ್ಲ. ನಾವು ಗಟ್ಟಿಯಾಗಿ ಓದುತ್ತಿದ್ದರೆ ಎಲೆಯಡಿಕೆ ಜಗಿಯುತ್ತ ಕೇಳುತ್ತಿದ್ದಳು; ಒಪ್ಪಿಗೆಯಾಗದ ಸಾಲು ಬಂದರೆ ‘ಅದನ್ನ ಇನ್ನೊಂದ್ಸಲ ಓದು’ ಎನ್ನುತ್ತಿದ್ದಳು. ಮೂರನೆಯ ಸಲ ಓದಿಸಿದಳೆಂದರೆ ಬರೆದವನ ಕಥೆ ಅಲ್ಲಿಗೆ ಮುಗಿಯಿತು. ನಾನು ಪುಸ್ತಕದಿಂದ ಕಲಿತದ್ದು ಎಷ್ಟೋ ಇದೆ. ಆದರೆ ಪುಸ್ತಕವನ್ನು ಹೇಗೆ ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ಆ ಅಕ್ಷರ ಬಾರದವಳಿಂದ ಕಲಿತೆ.

ಆ ಗೂಡಿಗೆ ಒಂದು ಸಂಜೆ ಇಂದುಶೇಖರ ಬಂದ. ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು, ಎತ್ತರದ ಬೀದಿಯವನು. ಹೂವಿನ ವ್ಯಾಜ್ಯಗಳನ್ನೆಲ್ಲ ತೀರ್ಮಾನಿಸುವ ಹೂಗಟ್ಟೆಯ ಯಜಮಾನ ಪರ್ವತಪ್ಪನವರ ತಮ್ಮನ ಮಗ. ಶಾಲೆಯ ಸೂಕ್ಷ್ಮದರ್ಶಕವನ್ನು ಟವೆಲಿನಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡಿದ್ದ. “ನಿಮ್ಮ ಹೂವಿನ ಒಂದು ಬೇರು ಬೇಕಿತ್ತು” ಎಂದ.

“ಯಾಕೆ ಮೇಷ್ಟ್ರೇ, ನಿಮ್ಮ ಹೂವಿಗೆ ಬೇರಿಲ್ವಾ?” ಎಂದೆ ನಾನು.

“ಇದೆ. ಎಣಿಸಿಯಾಯ್ತು. ಎಣಿಸಿದ್ದನ್ನ ಯಾವುದರ ಪಕ್ಕ ಇಟ್ಟು ನೋಡಲಿ ಅಂತ ಗೊತ್ತಾಗ್ಲಿಲ್ಲ.” ಅವನ ಕಿವಿ ಕೆಂಪಾಗಿದ್ದವು. ಬೇರು ಕೊಟ್ಟೆ. ಮರುದಿನ ಇನ್ನೊಂದು ಬೇಕೆಂದು ಬಂದ, ಅದರ ಮರುದಿನ ಮತ್ತೊಂದು. ಒಂದು ತಿಂಗಳಾದ ಮೇಲೆ ಅತ್ತೆ, “ಆ ಮೇಷ್ಟ್ರಿಗೆ ಹೇಳ್ಬುಡು ಗಂಗಿ, ಪಾತೀಲಿ ಬೇರು ಮುಗೀತಾ ಬಂದೈತೆ, ಇನ್ನೇನಿದ್ರೂ ಬಾಯಲ್ಲಿ ಕೇಳ್ಲಿ” ಎಂದಳು.

ಕೇಳಿದ. ನಾನು ಒಪ್ಪಿದೆ. ಒಪ್ಪಿದ ಮೇಲೆ ಇಬ್ಬರೂ ಕ್ಯಾಲೆಂಡರಿನ ಎರಡು ಕೆಂಪು ಗೆರೆಗಳ ಮುಂದೆ ಪೆಚ್ಚಾಗಿ ಕೂತೆವು. ಅತ್ತೆ ಬಾಗಿಲಲ್ಲಿ ನಿಂತು ನಮ್ಮನ್ನೂ ಕ್ಯಾಲೆಂಡರನ್ನೂ ನೋಡಿದಳು. ಆಮೇಲೆ ಅವನನ್ನು ಕೇಳಿದಳು: “ಪರಾಗ ಸಾಯೋದು ಯಾತಕ್ಕೆ?”

“ತೇವಕ್ಕೆ. ಗಾಳೀಲಿರೋ ತೇವಕ್ಕೆ.”

“ತೇವ ಕುಡಿಯೋದು ಯಾವುದು?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮೂಲೆಯ ಬುಟ್ಟಿಯಿಂದ ಒಂದು ಸುಟ್ಟ ಸುಣ್ಣಕಲ್ಲು ಎತ್ತಿ ಅವನ ಅಂಗೈಯಲ್ಲಿಟ್ಟಳು. ನಾವೆಲ್ಲ ಹುಟ್ಟಿದಂದಿನಿಂದ ಆ ಕಲ್ಲನ್ನು ತುಳಿದುಕೊಂಡು ಓಡಾಡಿದವರು. ಏಳು ವಾರದ ಗೋಡೆಯನ್ನು ಕೆಡವುವ ಹಾರೆ ನಮ್ಮ ಕಾಲಡಿಯಲ್ಲೇ ಬಿದ್ದಿತ್ತು. ನಮ್ಮ ಕಸುಬನ್ನು ಕೀಳು ಎಂದವರಿಗೆ ಅದು ಕಾಣದಿದ್ದುದು ಸಹಜ. ಕೀಳು ಎಂದು ಒಪ್ಪಿಕೊಂಡಿದ್ದ ನಮಗೂ ಕಂಡಿರಲಿಲ್ಲ ನೋಡಿ, ಅದು ನಾಚಿಕೆ.

ಮೊದಲ ವರ್ಷ ಕೆಟ್ಟಿತು, ಸುಣ್ಣಗಾರರಷ್ಟೇ ಮಾಡಬಹುದಾದ ತಪ್ಪಿನಿಂದ ಕೆಟ್ಟಿತು. ಒಳ್ಳೆಯ ಸುಣ್ಣ ಎಂದರೆ ಗೂಡಿನಿಂದ ಆಗಷ್ಟೇ ಇಳಿದದ್ದು ಎಂಬುದು ಅತ್ತೆಯ ಹೆಮ್ಮೆ. ಅಂಥ ಕಲ್ಲನ್ನೇ ಆರಿಸಿದಳು. ತಂಪಾಗಿರಲಿ ಎಂದು, ಮಜ್ಜಿಗೆ ಇಡುವ ಹಾಗೆ, ನೀರಲ್ಲಿ ನೆನೆದ ಹೊಸ ಮಡಕೆಯೊಳಗೆ ಕಲ್ಲಿಟ್ಟು, ಮೇಲೆ ನನ್ನ ಹೂವಿನ ಪರಾಗದ ಪೊಟ್ಟಣವಿಟ್ಟು ಬಾಯಿ ಕಟ್ಟಿದಳು. ಮಡಕೆ ಬೆವರಿತು. ಕಲ್ಲು ಬೆವರು ಕುಡಿಯಿತು. ಮಧ್ಯಾಹ್ನದ ಹೊತ್ತಿಗೆ ಒಳಗೆ ಕೊತಕೊತ ಸದ್ದು, ಹಬೆ. ಮಡಕೆ ಎರಡು ಹೋಳಾಯಿತು. ಪರಾಗ ಬೆಂದು ಕರಿ ಎಳ್ಳಿನಂತಾಗಿತ್ತು. ಕುಂಚ ಎತ್ತಿರಲಿಲ್ಲವಾದ್ದರಿಂದ ನಮ್ಮ ಒಂದೇ ಸರದಿ ಹೋಗಲಿಲ್ಲ, ಒಂದು ವರ್ಷ ಹೋಯಿತು. ಅತ್ತೆ ಆ ದಿನ ಊಟ ಮಾಡಲಿಲ್ಲ. ಹೋಳುಗಳನ್ನು ಗುಡಿಸುತ್ತ, “ಸುಣ್ಣ ಅಲ್ಲ ಕಣೆ ಬೇಯಿಸಿದ್ದು, ನನ್ನ ಜಂಬ” ಎಂದಳು. ತಪ್ಪನ್ನು ತನ್ನ ಹೆಸರಿಗೇ ಹಾಕಿಕೊಳ್ಳುವ ಹಿರಿಯರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಎರಡನೆಯ ವರ್ಷ ಅವಳು ಒಂದು ನಶ್ಯದ ಡಬ್ಬಿ ತೆಗೆದುಕೊಂಡಳು. ತಳದಲ್ಲಿ ಒಂದು ದಿನ ಆರಲು ಬಿಟ್ಟ ಕಲ್ಲಿನ ಚೂರು, ಮೇಲೆ ಹತ್ತಿ, ಹತ್ತಿಯ ಮೇಲೆ ಕಾಗದದ ಪೊಟ್ಟಣ, ಮುಚ್ಚಳದ ಸುತ್ತ ಜೇನುಮೇಣ. ಹಳೆಯ ಗೂಡಿನ ಮೊಳದಪ್ಪದ ಗೋಡೆಯಲ್ಲಿ ಕೊರೆದ ಸಣ್ಣ ಮಾಡದಲ್ಲಿ, ಓದುಕೂಟದ ಪುಸ್ತಕಗಳ ಹಿಂದೆ ಇಟ್ಟಳು. ಏಳು ವಾರ ಯಾರೂ ಮುಟ್ಟಲಿಲ್ಲ. ನಾವು ಪುಸ್ತಕ ಎತ್ತಿಕೊಳ್ಳುವಾಗ ಉಸಿರು ಹಿಡಿಯುತ್ತಿದ್ದೆವು.

ಬೀದಿಯ ವಾರ ಬಂತು. ಎತ್ತರದ ಬೀದಿಯ ಹೆಣ್ಣುಮಕ್ಕಳು ಅಂದವಾದ ಕುಂಚ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಅವರ ನಡುವೆ ನಾನು, ನನ್ನ ಹಿಂದೆ ಅತ್ತೆ. ಇಂದುಶೇಖರನ ಮನೆಯ ಪಾತಿಯ ಮುಂದೆ ಪರ್ವತಪ್ಪನವರು ನಿಂತಿದ್ದರು. ಆಳೆತ್ತರದ ಮೇಲೆ ಇನ್ನೊಂದು ಗೇಣು, ಬಿಳಿ ಪಂಚೆ, ತೆಂಗಿನ ಮರ ಮಾತಾಡಿದ ಹಾಗೆ ಮೇಲಿನಿಂದ ಮಾತು. “ಏನಮ್ಮ ಅದು, ನಶ್ಯ ತಂದ್ಯಾ?” ಎಂದರು. ಸುತ್ತ ನಿಂತವರೆಲ್ಲ ನಕ್ಕರು.

“ಒಂದು ಚಿಟಿಕೆ ಏರಿಸ್ಕಂತೀರಾ ಸ್ವಾಮಿ? ತಲೆ ಹಗುರಾಗ್ತೈತೆ” ಎಂದಳು ಅತ್ತೆ. ಈ ಸಲ ಕೆಲವರು ತಡೆಯಲಾರದೆ ಬೇರೆ ಕಡೆ ತಿರುಗಿ ನಕ್ಕರು.

ಪರ್ವತಪ್ಪನವರ ಮುಖ ಬಿಗಿಯಿತು. “ಹಚ್ಚಲಿ ಬಿಡಿ. ಏಳು ವಾರದ ಸತ್ತ ಹುಡಿ ಹಚ್ಚಿದರೆ ಹೂವಿಗೇನು ನೋವಾಗುತ್ತಾ? ಒಂದು ಸರದಿ ಮುಗಿದುಹೋಗಲಿ, ನಮ್ಮ ಹುಡುಗನ ಹುಚ್ಚೂ ಅದರ ಜೊತೆಗೇ ಇಳಿಯಲಿ.” ಹೀಗೆ ಅವರ ತಾತ್ಸಾರವೇ ನಮಗೆ ಅಪ್ಪಣೆಯಾಯಿತು. ನಾನು ಮೇಣ ಬಿಡಿಸಿದೆ. ಪರಾಗ ಒಣಗಿ, ನುಣುಪಾಗಿ, ಮೊನ್ನೆ ಉದುರಿದ್ದೇನೋ ಎಂಬಂತಿತ್ತು. ಕುಂಚ ಅದ್ದಿ ಇಂದುಶೇಖರನ ಹೂವಿನ ಒಳನಾಲಗೆಗೆ, ಪರಾಗ ಹಿಡಿಯುವ ಎಸಳಿಗೆ, ಹಚ್ಚಿದೆ. ಆ ಹೂವು ನನ್ನ ಸೊಂಟಕ್ಕೆ ಬರುತ್ತಿತ್ತು, ಬಗ್ಗುವ ಅಗತ್ಯವೇ ಬೀಳಲಿಲ್ಲ.

ಮೂರು ವಾರಕ್ಕೆ ಕಾಯಿ ಕಟ್ಟಿತು.

ಆ ಕಾಯಿ ಇದ್ದದ್ದು ಅವರ ಬೀದಿಯಲ್ಲಿ, ಅವರ ಕೈಗೆಟುಕುವಲ್ಲಿ. ಅದನ್ನು ಕಾದವರು ಇಂದುಶೇಖರನ ತಾಯಿ ಸರ್ವಮಂಗಳಮ್ಮ. ನನ್ನ ಜೊತೆ ಅವರು ಒಂದು ಮಾತೂ ಆಡಿದವರಲ್ಲ. ಮಗನ ಆಯ್ಕೆ ಅವರಿಗೆ ಹಿಡಿಸಿರಲಿಲ್ಲ, ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ತನ್ನ ಪಾತಿಯಲ್ಲಿ ಕಟ್ಟಿದ ಕಾಯಿ ತನ್ನ ಪಾತಿಯದು ಎಂಬ ಹಟ ಅವರದು. ಹಳೆಯ ಸೀರೆಯ ತುಂಡಿನಿಂದ ಕಾಯಿಗೆ ಚೀಲ ಕಟ್ಟಿ, ಹಗಲೆಲ್ಲ ಅದರ ಪಕ್ಕ ಅಕ್ಕಿ ಆರಿಸುತ್ತ ಕೂತರು. ಬೀಜ ಬಲಿತಾಗ ತಾವೇ ಕೇರಿಗೆ ಬಂದು, ನಮ್ಮ ಅಂಗಳದ ಅಂಚಿನಲ್ಲಿ ನಿಂತು, ಬಟ್ಟೆಯ ಗಂಟನ್ನು ಚಾಚಿದರು. “ಹನ್ನೊಂದಿವೆ” ಎಂದರು, ನನ್ನ ಕಡೆ ನೋಡದೆ. ಹೊರಟವರು ನಿಂತು ನಮ್ಮ ಪಾತಿಯನ್ನು ದಿಟ್ಟಿಸಿ, “ಗರಿಕೆ ಇಷ್ಟು ಬೆಳೆದಿದೆ. ಕೀಳೋಕೆ ಕೈ ಇಲ್ಲವಾ ನಿನಗೆ?” ಎಂದು ಗದರಿ ಹೋದರು. ಅತ್ತೆ ಅವರ ಬೆನ್ನನ್ನೇ ನೋಡುತ್ತ, “ಒಳ್ಳೆ ಹೆಂಗ್ಸು” ಎಂದಳು.

ಹನ್ನೊಂದರಲ್ಲಿ ಮೂರು ಮೊಳೆತವು. ಒಂದು ಕೊಳೆಯಿತು, ಒಂದನ್ನು ಗೆದ್ದಲು ತಿಂದಿತು. ಉಳಿದದ್ದು ಒಂದು.

ಆ ಒಂದರ ಮೇಲೆ ಹೂಗಟ್ಟೆ ಕೂತಿತು. ಪರ್ವತಪ್ಪನವರು ಊರೆಲ್ಲ ಕೇಳುವ ಹಾಗೆ ತೀರ್ಪು ಹೇಳಿದರು. “ಕತ್ತೆಗೂ ಕುದುರೆಗೂ ಹುಟ್ಟಿದ್ದು ಹೇಸರಗತ್ತೆ. ಹೊರೆ ಹೊರುತ್ತದೆ, ಮರಿ ಹಾಕುವುದಿಲ್ಲ. ಇದೂ ಅಷ್ಟೇ, ಬಂಜೆ ಹೂವು. ಅಂಥದರ ಮುಂದೆ ಮದುವೆ ನಡೆದರೆ ಮುಂದೆ ಈ ಊರಿನ ಯಾವ ಪಾತಿಯೂ ಉಳಿಯುವುದಿಲ್ಲ. ನಮ್ಮ ಹೂವಿನ ಹೊಟ್ಟೆಯಲ್ಲಿ ಹುಟ್ಟಿದ್ದು, ನಮ್ಮ ವಾರದಲ್ಲೇ ಅರಳುತ್ತದೆ. ಬೀದಿಯ ವಾರದ ಮೊದಲ ದಿನ ಹೂಗಟ್ಟೆ ಕೇರಿಗೆ ಬರುತ್ತದೆ. ದಳದ ಮೇಲೆ ಮಸಿ ಕಂಡರೆ ಸಸಿ ಕೀಳುವುದು. ಶೇಖರನ ಹೆಸರಿನ ಗೆಡ್ಡೆಯನ್ನೂ ಮನೆಯ ಪಾತಿಯಿಂದ ಕೀಳುವುದು.” ನಮ್ಮೂರಲ್ಲಿ ಗೆಡ್ಡೆ ಕಿತ್ತವನಿಗೆ ಹೆಸರಿರುವುದಿಲ್ಲ. ಅಂಗಡಿಯವನು ಅವನ ಕೈಗೆ ಸಾಮಾನು ಕೊಡುವುದಿಲ್ಲ, ಮಕ್ಕಳು ಅವನ ನಮಸ್ಕಾರಕ್ಕೆ ಉತ್ತರ ಕೊಡುವುದಿಲ್ಲ. ತಾಯಿಯೂ ಅವನನ್ನು ಕೂಗಿ ಕರೆಯುವಂತಿಲ್ಲ.

ಇಂದುಶೇಖರ ಹೆದರಿದ್ದ. ಹೆದರಿದಾಗಲೆಲ್ಲ ಅವನು ಎಣಿಸುತ್ತಾನೆ. ಸಸಿಯ ಬೇರಿನ ಕೂದಲೆಳೆಯಷ್ಟು ತುದಿ ಕತ್ತರಿಸಿ, ಕೆಂಪು ಬಣ್ಣದಲ್ಲಿ ಅದ್ದಿ, ಎರಡು ಗಾಜಿನ ನಡುವೆ ಹೆಬ್ಬೆರಳಲ್ಲಿ ಒತ್ತಿ, ಹಳೆಯ ಗೂಡಿನ ಬಾಯಿಯ ಬೆಳಕಿನಲ್ಲಿ ಸೂಕ್ಷ್ಮದರ್ಶಕ ಇಟ್ಟ. ಓದುಕೂಟದವರೆಲ್ಲ ಸಾಲಾಗಿ ಬಗ್ಗಿ ನೋಡಿದೆವು. ಒಂದೊಂದು ಕಣದೊಳಗೂ ಕತ್ತರಿಸಿದ ದಾರದಂಥ ತುಣುಕುಗಳು. ಪುಸ್ತಕ ಅದನ್ನು ವರ್ಣತಂತು ಎನ್ನುತ್ತದೆ. ಅತ್ತೆ “ಎಳೆ” ಎಂದಳು. ನಮಗೆಲ್ಲ ಎಳೆಯೇ ಆಯಿತು. ಎತ್ತರದ ಹೂವಿನಲ್ಲಿ ನಲವತ್ತೆಂಟು ಎಳೆ. ನಮ್ಮದರಲ್ಲಿ ಮೂವತ್ತೆರಡು. ಸಸಿಯಲ್ಲಿ ನಲವತ್ತು.

“ಅರ್ಧ ಅವರದ್ದು, ಅರ್ಧ ನಮ್ದು. ಅಷ್ಟು ಲೆಕ್ಕ ನಂಗೂ ಬರ್ತೈತೆ” ಎಂದಳು ಅತ್ತೆ. “ಬಂಜೆ ಅಂದ್ನಲ್ಲ ಆ ತೆಂಗಿನ ಮರ, ಅದನ್ನ ಹೇಳು.”

ಅವನು ಸೀಮೆಸುಣ್ಣ ಹಿಡಿದು ಗೂಡಿನ ಗೋಡೆಯ ಮೇಲೆ ಬರೆದ. ಎತ್ತರದ ಹೂವಿನ ನಲವತ್ತೆಂಟು ಎಂದರೆ ಹನ್ನೆರಡರ ನಾಲ್ಕು ಗುಂಪು. ಕೇರಿಯ ಹೂವಿನ ಮೂವತ್ತೆರಡು ಎಂದರೆ ಎಂಟರ ನಾಲ್ಕು ಗುಂಪು. ಸಸಿಗೆ ಬಂದದ್ದು ಹನ್ನೆರಡರ ಎರಡು, ಎಂಟರ ಎರಡು. “ಕೋಲಾಟಕ್ಕೆ ನಿಂತರು ಅಂದ್ಕೊಳ್ಳಿ. ಹನ್ನೆರಡರ ಎದುರಿಗೆ ಹನ್ನೆರಡು ನಿಲ್ತಾರೆ, ಎಂಟರ ಎದುರಿಗೆ ಎಂಟು. ಯಾರೂ ಕೋಲು ಹಿಡಿದು ಒಂಟಿಯಾಗಿ ನಿಲ್ಲೋದಿಲ್ಲ. ಹೇಸರಗತ್ತೆಯಲ್ಲಿ ಜೊತೆ ಸರಿಹೋಗದೆ ಆಟವೇ ನಿಂತುಹೋಗುತ್ತೆ. ಇಲ್ಲಿ ನಿಲ್ಲೋದಿಲ್ಲ. ನನ್ನ ಲೆಕ್ಕ ಸರಿಯಿದ್ದರೆ ಇದು ಬಂಜೆಯಲ್ಲ.” ಆಮೇಲೆ ಉತ್ಸಾಹದಲ್ಲಿ, ಬೇಡದ ಹೊತ್ತಿನಲ್ಲಿ, ಇನ್ನೊಂದು ಮಾತು ಸೇರಿಸಿದ: “ಅಂದಹಾಗೆ ನಿಮ್ಮ ಮೂವತ್ತೆರಡು ಕೂಡ ಒಂದೇ ಮನೆಯವಲ್ಲ. ಹದಿನಾರು ಹದಿನಾರು ಎಳೆಯ ಎರಡು ಇನ್ನೂ ಕುಳ್ಳ ಹೂಗಳು ಯಾವುದೋ ಕಾಲದಲ್ಲಿ, ಯಾವುದೋ ಕಲ್ಲುಗುಡ್ಡದ ಮೇಲೆ ಕೂಡಿ ಹುಟ್ಟಿದ ಹೂವು ಇದು. ಎರಡೂ ಮನೆಯ ಎಳೆಗಳನ್ನ ಒಂದನ್ನೂ ಬಿಡದೆ ಇಟ್ಟುಕೊಂಡಿದೆ.”

ಗೂಡಿನ ಹಾಲಪ್ಪ ಎದ್ದು ನಿಂತ. ನಮ್ಮ ಕೇರಿಯ ಹಿರಿಯ. ನಮ್ಮ ಹೂವೇ ಮೂಲದ್ದು, ಶುದ್ಧವಾದದ್ದು, ಎತ್ತರದ್ದು ಆಮೇಲೆ ಬಂದದ್ದು ಎಂದು ಐವತ್ತು ವರ್ಷದಿಂದ ಭಾಷಣ ಮಾಡಿದವನು. “ಏನ್ ಮೇಷ್ಟ್ರೇ, ನಮ್ದೂ ಬೆರಕೆ ಅಂತೀರಾ? ಹೆಣ್ಣು ಕೇಳಾಕೆ ಬಂದೋರು ನಮ್ಮ ಬುಡಕ್ಕೇ ಕೈ ಹಾಕ್ತೀರಾ?”

ನಾನೂ ಒಳಗೇ ಕುಗ್ಗಿದ್ದೆ. ಸುಳ್ಳು ಹೇಳಲಾರೆ, ನಾನೂ ಆ ಭಾಷಣ ಬರೆದುಕೊಟ್ಟವಳೇ. ಅವರ ಶುದ್ಧದ ಎದುರಿಗೆ ನಮ್ಮ ಶುದ್ಧವನ್ನು ನಿಲ್ಲಿಸುವುದೇ ಹೋರಾಟ ಎಂದುಕೊಂಡಿದ್ದೆ. ಅತ್ತೆ ಎಲೆಯಡಿಕೆ ಉಗಿದು ಬಂದು ನಿಧಾನವಾಗಿ ಕೂತಳು. “ಹಾಲಪ್ಪಣ್ಣ, ನೀನು ಗ್ವಾಡೆ ಕಟ್ಟಿದೋನು. ಮರಳು ಬೆರೆಸ್ದೆ ಬರೀ ಸುಣ್ಣದಾಗೆ ಕಲ್ಲು ಕೂರಿಸು ನೋಡಾನ. ನಾಕು ದಿನಕ್ಕೆ ಪುಡಿ. ಈ ಗೂಡು ಇಷ್ಟು ವರ್ಷ ನಿಂತಿರೋದು ಬೆರಕೆ ಆಗಿದ್ದಕ್ಕೇ. ನಮ್ಮ ಹೂವೂ ಬೆರಕೆ ಆಗಿದ್ದಕ್ಕೇ ಆ ಚಳೀಲಿ, ಆ ಕಲ್ಲಾಗೆ, ಎಲ್ಲರಿಗಿಂತ ಮುಂಚೆ ಅರಳ್ತೈತೆ. ನಾಚ್ಕೆ ಯಾತಕ್ಕೆ?” ಹಾಲಪ್ಪ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ ಕೂತ. ಆ ಸಂಜೆ ನಾನು ಬರೆದಿಟ್ಟಿದ್ದ ಭಾಷಣದ ಹಾಳೆಗಳನ್ನು ಹರಿದೆ. ಯಾರೂ ಹೇಳಲಿಲ್ಲ, ನಾನೇ ಹರಿದೆ.

“ಮಚ್ಚೆ ಬಂದೇ ಬರುತ್ತೆ” ಎಂದು ಇಂದುಶೇಖರ ಹೋಗುವಾಗ ಮೆಲ್ಲಗೆ ಹೇಳಿದ. “ಅದು ಜೋರಿನ ಗುಣ. ಒಂದು ಕಡೆಯಿಂದ ಬಂದರೂ ಸಾಕು, ಮೇಲೆದ್ದು ಕಾಣುತ್ತೆ.”

“ಬರ್ಲಿ” ಎಂದಳು ಅತ್ತೆ. “ಯಾರ ಕೂಸು ಅಂತ ಹೇಳಾಕೆ ಒಂದು ಗುರುತು ಬ್ಯಾಡ್ವಾ?”

ನಾಲ್ಕನೆಯ ವರ್ಷ ಕೇರಿಯ ವಾರ ಬಂದು ಹೋಯಿತು. ನಮ್ಮ ಹೂಗಳೆಲ್ಲ ಬಾಡಿದವು. ಬೀದಿಯ ವಾರಕ್ಕೆ ಇನ್ನೂ ದಿನಗಳಿದ್ದವು. ಹೂಗಟ್ಟೆಯವರು ಗುದ್ದಲಿಗೆ ಹೊಸ ಕಾವು ಹಾಕಿಸಿದ್ದಾರೆಂಬ ಸುದ್ದಿ ಬಂತು. ಒಂದು ಸಂಜೆ ಅತ್ತೆ ಸಸಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲೆಗಳ ಬುಡವನ್ನು ಗೆರೆಯಿಲ್ಲದ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದಳು. “ಹೊಟ್ಟೇಲಿ ಐತೆ” ಎಂದಳು.

“ಇಷ್ಟು ಬೇಗನಾ? ಅವರ ವಾರ ಇನ್ನೂ ಎಲ್ಲೈತೆ ಅತ್ತೆ!”

ಅವಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಲ್ಲಿದೆ. “ಎತ್ತರ ಅರ್ಧ ಅವರದ್ದು, ಅರ್ಧ ನಮ್ದು. ಎಳೆ ಅರ್ಧ ಅವರದ್ದು, ಅರ್ಧ ನಮ್ದು. ದಿನ ಮಾತ್ರ ಪೂರ್ತಿ ಅವರದ್ದು ಹೆಂಗಾಗ್ತೈತೆ?” ಸದ್ದಿಲ್ಲದೆ ಎದ್ದು ಹೋಗಿ ಅಡುಗೆಯವನಿಗೂ ವಾಲಗದವನಿಗೂ ಒಂದೊಂದು ಮಾತು ಹೇಳಿ ಬಂದಳು.

ಕೇರಿಯ ವಾರ ಕಳೆದ ನಾಲ್ಕನೆಯ ವಾರದ ಮಂಗಳವಾರ, ಕ್ಯಾಲೆಂಡರಿನಲ್ಲಿ ಏನೂ ಅಲ್ಲದ ಒಂದು ದಿನ, ಕೋಳಿ ಕೂಗುವ ಹೊತ್ತಿಗೆ ಅದು ಅರಳಿತು. ಮೊಣಕಾಲಿನ ಕೆಳಗೆ ನಿಲ್ಲುವ ಎತ್ತರ. ಮೇಲೆದ್ದ ದಳ ಅವರ ಹಾಲುನೇರಳೆ. ಇಳಿಬಿದ್ದ ದಳದ ಮೇಲೆ ನಮ್ಮ ಹೆಬ್ಬೆಟ್ಟು. ಗಡ್ಡ ನೀಲಿ, ಒಳಕ್ಕೆ ಹೋಗುತ್ತ ಹೋಗುತ್ತ ಹಳದಿ. ಅಂಥ ಹೂವನ್ನು ನಮ್ಮೂರು ಅದಕ್ಕೆ ಮುಂಚೆ ನೋಡಿರಲಿಲ್ಲ. ನೋಡಬಾರದೆಂದು ಎಷ್ಟು ಜನ ಎಷ್ಟು ಕಾಲ ದುಡಿದಿದ್ದರು! ನಾನು ಗೂಟದ ಸೀರೆ ಕೊಡವಿ ಉಟ್ಟೆ; ಸುಣ್ಣದ ಧೂಳಿಗೆ ಎಲ್ಲರೂ ಸೀನಿದರು.

ಅವರ ಮನೆಯ ಒಬ್ಬ ಹಿರಿಯರು ನೋಡಬೇಕಿತ್ತು. ಇಂದುಶೇಖರ ತಾಯಿಯನ್ನು ಕರೆಯಲು ಓಡಿದ್ದ. ಬಿಸಿಲು ಹಳೆಯ ಗೂಡಿನ ತುದಿಗೆ ಬಿತ್ತು. ಗೋಡೆಯ ನಡುವಿಗೆ ಇಳಿಯಿತು. ಅಂಗಳಕ್ಕೆ ಕಾಲಿಟ್ಟು, ಪಾತಿಯ ಕಲ್ಲಂಚಿನವರೆಗೂ ಹರಿಯಿತು. ಅತ್ತೆ ಎದ್ದು ಹೂವಿಗೂ ಬಿಸಿಲಿಗೂ ನಡುವೆ ನಿಂತಳು. ಅವಳ ನೆರಳು ಹೂವಿನ ಮೇಲೆ ಬಿತ್ತು. ಬಿಸಿಲು ತಾಗಬಾರದು ಎಂದಿತ್ತೇ ಹೊರತು ನೆರಳು ಯಾರದಿರಬೇಕು ಎಂದು ಕಟ್ಟಳೆಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಸರ್ವಮಂಗಳಮ್ಮ ಬಂದರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡು. ಪಾತಿಯ ಮುಂದೆ ಕೂತು ಹೂವನ್ನು ಬಹಳ ಹೊತ್ತು ನೋಡಿದರು.

“ಮೂವತ್ತು ವರ್ಷದಿಂದ ಈ ವಾರ ನಮ್ಮ ಪಾತೀಲಿ ಬರೀ ಎಲೆ ನೋಡಿದೀನಿ” ಎಂದರು. “ಈ ವಾರಕ್ಕೂ ಒಂದು ಹೂವಿದೆ ಅಂತ ಯಾರೂ ಹೇಳಿರಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ತಾಳಿ ಎಲ್ಲಿ? ನಿಂತ್ಕೊಂಡು ಏನು ನೋಡ್ತಿದೀಯ? ಪಾಪ ಆಕೆಯ ಕಾಲು ನೋಯೋದಿಲ್ವಾ?” ಎಂದು ಗದರಿದರು. ಅತ್ತೆಯ ನೆರಳಿನಲ್ಲಿ ನಮ್ಮ ಮದುವೆಯಾಯಿತು. ಆದಮೇಲೆ ಅತ್ತೆ ನನ್ನ ಕುಂಚ ಇಸಿದುಕೊಂಡು, ಆ ಹೂವಿನ ಪರಾಗವನ್ನು ಆ ಹೂವಿನ ನಾಲಗೆಗೇ ಹಚ್ಚಿದಳು, ಮಗುವಿನ ಕೆನ್ನೆಗೆ ಬೊಟ್ಟಿಡುವ ಹಾಗೆ. ಮೇಲಿನ ಬೀದಿಯವರಿಗೆ ವಾಲಗ ಕೇಳಿಸಿರಬೇಕು. ಯಾವ ವಾರವೂ ಅಲ್ಲದ ದಿನ ಯಾರೋ ಅಭ್ಯಾಸ ಮಾಡುತ್ತಿದ್ದಾರೆಂದು ಮಗ್ಗುಲಾದರಂತೆ. ಆಮೇಲಿನ ಮೂರು ವಾರ ಕೇರಿಯವರೂ ಸರ್ವಮಂಗಳಮ್ಮನವರೂ ಬಾಯಿ ಬಿಡಲಿಲ್ಲ, ನಾನು ತಾಳಿಯನ್ನು ಸೆರಗಿನಡಿ ಇಟ್ಟುಕೊಂಡೆ.

ಬೀದಿಯ ವಾರದ ಮೊದಲ ದಿನ ಹೂಗಟ್ಟೆ ಬಂತು. ಮುಂದೆ ಪರ್ವತಪ್ಪನವರು, ಹಿಂದೆ ಹೊಸ ಕಾವಿನ ಗುದ್ದಲಿ ಹೊತ್ತ ಆಳು, ಅವನ ಹಿಂದೆ ಅರ್ಧ ಊರು. ಸರ್ವಮಂಗಳಮ್ಮ ನಮ್ಮ ಪಾತಿಯಲ್ಲಿ ಗರಿಕೆ ಕೀಳುತ್ತಿದ್ದರು, ತಲೆ ಎತ್ತಲಿಲ್ಲ. ನನ್ನ ಕುತ್ತಿಗೆಯ ತಾಳಿ ಕಂಡು ಜನರಲ್ಲಿ ಗುಜುಗುಜು ಎದ್ದಿತು.

“ಹೂವೆಲ್ಲಿ?” ಎಂದರು ಪರ್ವತಪ್ಪನವರು.

“ಆಗಿ ಹೋಯ್ತು ಸ್ವಾಮಿ” ಎಂದಳು ಅತ್ತೆ. “ನಿಮ್ಮನೆಯವರೂ ನೋಡಿದ್ರು, ನಮ್ಮನೆಯವರೂ ನೋಡಿದ್ರು. ಬಿಸಿಲು ಬಿದ್ದಿರ್ಲಿಲ್ಲ. ಕಟ್ಟಳೆ ಇರೋದು ಅಷ್ಟೇ ಅಲ್ವಾ? ಯಾವ ವಾರ ಅಂತ ಬರ್ದಿಲ್ಲ, ನಮ್ಮುಡುಗಿ ಕೈಲಿ ಮೂರು ಸಲ ಓದ್ಸಿವ್ನಿ.”

“ಬಂಜೆ ಹೂವಿನ ಮುಂದೆ ಆದ ಮದುವೆ ಮದುವೆಯಲ್ಲ.”

ಅತ್ತೆ ಪಾತಿಯ ಮುಂದೆ ಕೂತಳು. ಸಸಿಯ ಎಲೆಗಳನ್ನು ಎರಡೂ ಕೈಯಿಂದ ಮೆಲ್ಲಗೆ ಸರಿಸಿ ಹಿಡಿದಳು. ನಿಂತಲ್ಲಿಂದ ಏನೂ ಕಾಣುತ್ತಿರಲಿಲ್ಲ. ಪರ್ವತಪ್ಪನವರು ಕುತ್ತಿಗೆ ಚಾಚಿದರು, ಸೊಂಟ ಬಾಗಿಸಿದರು, ಕೊನೆಗೆ ಪಂಚೆ ಎತ್ತಿ ಕಟ್ಟಿಕೊಂಡು ನಮ್ಮ ಕೇರಿಯ ಸುಣ್ಣದ ಮಣ್ಣಿನಲ್ಲಿ ಮಂಡಿಯೂರಿದರು. ಅಷ್ಟು ಕೆಳಗಿತ್ತು ಅದು. ಬಾಡಿದ ಹೂವಿನ ಬುಡದಲ್ಲಿ ಹೆಬ್ಬೆರಳ ಗಾತ್ರದ ಒಂದು ಹಸಿರು ಕಾಯಿ, ಬೀಜ ತುಂಬಿ ಮೂರು ಕಡೆ ಉಬ್ಬಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು. ಎದ್ದಾಗ ಅವರ ಮಂಡಿಗಳ ಮೇಲೆ ಎರಡು ಬಿಳಿ ಗುರುತು ಉಳಿದಿದ್ದವು. ಕೊಡವಿಕೊಳ್ಳಲೂ ಮರೆತು, ಬಂದ ದಾರಿಯಲ್ಲೇ ತಿರುಗಿದರು.

ಆಳೂ ಗುದ್ದಲಿ ಹೆಗಲಿಗೇರಿಸಿ ಹೊರಟ. ಅತ್ತೆ ಕೂಗಿ ಹೇಳಿದಳು: “ಗುದ್ಲಿ ಇಲ್ಲೇ ಇಟ್ಟು ಹೋಗೋ ಅಣ್ಣ. ಪಾತಿ ಅಗಲ ಮಾಡ್ಬೇಕು.”